ಹಳೆಯ ಚೌಕ, ಹೊಸ ತಿರುವು: ವೆಸ್ಟ್ ಮಾಂಬಲದ ಒಂದು ಕೌದಿ

ಕೌದಿ ಎಂದರೇನೆಂಬುದನ್ನು ಧಾರವಾಡ, ಗದಗ, ವಿಜಯಪುರ, ಕಲಬುರ್ಗಿಗಳ ಕಡೆಯ ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ. ಆದರೆ ಕುಂದಾಪುರ, ಉಡುಪಿಗಳ ಕಡೆಯಿಂದ ಬಂದು ಇಲ್ಲಿನ ಹೋಟೆಲುಗಳಲ್ಲಿ ದುಡಿಯುತ್ತಿರುವ ಬಂಧುಗಳಿಗೋಸ್ಕರ ಒಂದೆರಡು ಮಾತು ಅವಶ್ಯ. ಉಟ್ಟು ಹಳತಾದ ಹತ್ತಿಯ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ಚಿಂದಿಗಳನ್ನು ಚೌಕವಾಗಿಯೂ ಮುಮ್ಮೂಲೆಯಾಗಿಯೂ ಕತ್ತರಿಸಿ ಜೋಡಿಸಿ, ಇಡಿಯ ದಪ್ಪದ ಮೂಲಕ ಸೂಜಿ ಹಾಯಿಸಿ ಸಾಲುಸಾಲಾಗಿ ಹೊಲಿದದ್ದೇ ಕೌದಿ. ಮರಾಠಿಗರು ಇದನ್ನು ಗೋಧಡಿ ಎನ್ನುತ್ತಾರೆ. ಬಂಗಾಳದ ಕಾಂಥಾ ಇದರ ದೂರದ ಸೋದರಿ. ಅರಿವೆಯನ್ನು ಎಸೆಯಲು ಮನಸ್ಸಿಲ್ಲದ ಮನೆಗಳಲ್ಲಿ ಹುಟ್ಟಿದ ವಸ್ತು ಇದು; ಶ್ರೀಮಂತಿಕೆಯಿಂದ ಹುಟ್ಟಿದ್ದಲ್ಲ.

ಈ ಸೆಖೆಯ ಊರಿನಲ್ಲಿ ಕೌದಿ ಯಾರಿಗೆ ಬೇಕು ಎಂದು ಕೇಳುವವರುಂಟು. ಹೋಟೆಲಿನ ಮಹಡಿಯ ಮೇಲೆ ಹತ್ತು ಜನರೊಡನೆ ಸಾಲಾಗಿ ಮಲಗಿ ಬಲ್ಲವರು ಹಾಗೆ ಕೇಳಲಾರರು. ಕೌದಿಯನ್ನು ಹೊದೆಯುವುದಕ್ಕಿಂತ ಹಾಸುವುದೇ ಹೆಚ್ಚು. ನೂರು ಸಲ ಒಗೆದು ಮೆತ್ತಗಾದ ಹತ್ತಿ ಬೆವರನ್ನು ಹೀರುವಂತೆ ಅಂಗಡಿಯ ಫೋಮ್ ಹಾಸಿಗೆ ಹೀರಲಾರದು. ಧನುರ್ಮಾಸದ ಬೆಳಗಿನಲ್ಲಿ ಮಹಡಿಗೆ ಇಬ್ಬನಿ ಇಳಿದಾಗ ಅದೇ ಕೌದಿಯ ಅರ್ಧವನ್ನು ಮೈಮೇಲೆ ಎಳೆದುಕೊಂಡರಾಯಿತು.

ನಾವು ಇಲ್ಲಿ ಹೇಳಹೊರಟಿರುವುದು ವೆಸ್ಟ್ ಮಾಂಬಲದ ಒಂದು ಮನೆಯ ಕೌದಿಯ ಸಂಗತಿ. ಹೋಟೆಲಿನ ಗಲ್ಲಾ ಬಿಟ್ಟು ಪತ್ರಿಕೆಯ ಮೇಜಿಗೆ ಬಂದ ಮೇಲೂ ಹಳೆಯ ಗಿರಾಕಿಗಳ ಮನೆಗೆ ಹೋಗಿಬರುವ ರೂಢಿಯನ್ನು ನಾವು ಬಿಟ್ಟಿಲ್ಲ. ಆರ್ಯಗೌಡ ರಸ್ತೆಯಿಂದ ಒಳಕ್ಕೆ ತಿರುಗುವ ಗಲ್ಲಿಗಳೊಂದರಲ್ಲಿ, ಮೊದಲನೆಯ ಮಹಡಿಯ ಎರಡು ಕೋಣೆಗಳಲ್ಲಿ ಈಗ ಈ ಕುಟುಂಬದ ವಾಸ. ಮನೆಯ ಹಿರಿಯರು ಎಪ್ಪತ್ತು ದಾಟಿದ ತಾಯಿ. ಅವರ ಮಾವನವರು ರೈಲ್ವೆ ಕಚೇರಿಯ ಗುಮಾಸ್ತರಾಗಿ ಹುಬ್ಬಳ್ಳಿಯಿಂದ ಇಲ್ಲಿಗೆ ಬಂದವರು. ಹುಬ್ಬಳ್ಳಿಗೂ ಮದರಾಸಿಗೂ ಏನು ಸಂಬಂಧವೆಂದು ಕಿರಿಯರು ಕೇಳಬಹುದು. ಹುಬ್ಬಳ್ಳಿಯ ಹಳಿಗಳು ಹಿಂದೆ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಗೆ ಸೇರಿದ್ದವು. ಆ ಕಂಪೆನಿಯ ಮುಖ್ಯ ಕಚೇರಿ ಮದರಾಸಿನಲ್ಲಿತ್ತು. 1951ರಲ್ಲಿ ದಕ್ಷಿಣ ರೈಲ್ವೆ ರಚಿತವಾದಾಗಲೂ ಕಚೇರಿ ಇಲ್ಲಿಯೇ ಉಳಿಯಿತು. 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ ಆಗಿ ಹುಬ್ಬಳ್ಳಿ ಅದರ ಪಾಲಿಗೆ ಹೋಗುವವರೆಗೆ ಆ ಕಡೆಯ ಕನ್ನಡಿಗರಿಗೆ ಮದರಾಸೇ ಕಾಗದಪತ್ರಗಳ ರಾಜಧಾನಿ. ಉಡುಪಿಯವರು ಇಡ್ಲಿಯ ಹಬೆಯ ಜೊತೆಗೆ ಬಂದರು, ಹುಬ್ಬಳ್ಳಿಯವರು ರೈಲಿನ ಹೊಗೆಯ ಜೊತೆಗೆ ಬಂದರು ಎಂದು ನಮ್ಮ ಹಿರಿಯರೊಬ್ಬರು ತಮಾಷೆ ಮಾಡುತ್ತಿದ್ದರು.

ಈ ತಾಯಿ ಮದುವೆಯಾಗಿ ಇಲ್ಲಿಗೆ ಬರುವಾಗ ಅವರ ಹಡೆದವ್ವ ಒಂದು ಕೌದಿಯನ್ನು ಹೊಲಿದು ಕೊಟ್ಟಿದ್ದರು. ಹತ್ತಂಗುಲದ 48 ಚೌಕಗಳು, ಅಡ್ಡ ಆರು, ಉದ್ದ ಎಂಟು. ಬಹುಪಾಲು ಇಳಕಲ್ ಸೀರೆಯ ತುಂಡುಗಳು. ಕೆಲವಕ್ಕೆ ಗೋಮಿ ದಡಿ ಸಹಿತವಾಗಿತ್ತು. ನಡುನಡುವೆ ಗುಳೇದಗುಡ್ಡದ ಕುಪ್ಪಸದ ಖಣ. ಮೂರು ಮಕ್ಕಳು ಅದರ ಮೇಲೆ ಬೆಳೆದರು.

2015ರ ಡಿಸೆಂಬರಿನ ಮಳೆಯಲ್ಲಿ ಚೆನ್ನೈ ನಗರ ಮುಳುಗಿದುದನ್ನು ಯಾರೂ ಮರೆತಿಲ್ಲ. ಆಗ ಈ ಕುಟುಂಬ ನೆಲಮಹಡಿಯಲ್ಲಿತ್ತು. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿದ್ದ ಕೌದಿ ಮೂರು ದಿನ ಕೊಳಚೆ ನೀರಿನಲ್ಲಿ ನೆನೆಯಿತು. ನೀರು ಇಳಿದ ಮೇಲೆ ಬೀದಿಬೀದಿಗಳಲ್ಲಿ ಹಾಸಿಗೆ ದಿಂಬುಗಳ ರಾಶಿ. ಮಗ ಕೌದಿಯನ್ನೂ ಆ ರಾಶಿಗೆ ಹಾಕಲು ಎತ್ತಿಕೊಂಡನಂತೆ. ಒದ್ದೆಯಾದ ಕೌದಿಯ ಭಾರ ಎಷ್ಟೆಂಬುದು ಎತ್ತಿದವರಿಗೇ ಗೊತ್ತು.

“ಅದನ್ನ ಒಗೀಬ್ಯಾಡಪಾ. ಅದರಾಗ ನಮ್ಮವ್ವನ ಸೀರಿ ಐತಿ” ಎಂದು ತಾಯಿ ತಡೆದರು.

ಬಿಸಿನೀರು, ಸೋಪಿನಪುಡಿ, ಬಿಸಿಲು, ಮತ್ತೆ ಬಿಸಿನೀರು. ಒಳಪದರಗಳು ಕೊಳೆತುಹೋಗಿದ್ದವು. ತಾಯಿ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿ ಮೇಲ್ಪದರವನ್ನು ಬಿಡಿಸಿದರು. 48ರಲ್ಲಿ 31 ಚೌಕಗಳು ಉಳಿದವು. ಅವುಗಳಿಗೂ ಅಂಚು ಜೂಲುಜೂಲಾಗಿತ್ತು. ಒಳ್ಳೆಯ ಭಾಗವನ್ನಷ್ಟೆ ಕತ್ತರಿಸಿಕೊಂಡರೆ ಪ್ರತಿಯೊಂದೂ ಆರೂವರೆ ಅಂಗುಲ. ಅವನ್ನು ಹಳೆಯ ಪಂಚಾಂಗದ ಹಾಳೆಗಳ ನಡುವೆ ಮಡಿಸಿ ಟ್ರಂಕಿನಲ್ಲಿಟ್ಟರು. ಅವು ಎಂಟು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಯೇ ಇದ್ದವು. ಅಷ್ಟರಲ್ಲಿ ತಾಯಿಯ ಕಣ್ಣಿಗೆ ಪೊರೆ ಬಂದು ಶಸ್ತ್ರಕ್ರಿಯೆಯಾಯಿತು. ಮೊಮ್ಮಗಳ ಬಸುರಿನ ಸುದ್ದಿ ಬಂದ ದಿನ ಟ್ರಂಕು ತೆರೆಯಿತು.

ಈಗ ತೊಡಕು ಬಂದುದು ಅಳತೆಯಲ್ಲಿ. ಹತ್ತಂಗುಲದ 48 ಚೌಕಗಳು ಒಂದು ಕೌದಿಗೆ ಸರಿಯಾಗಿದ್ದವು. ಆರಂಗುಲದ 31 ಚೌಕಗಳು ಒಂದು ತೊಟ್ಟಿಲಿಗೆ ಸಾಕಾದಾವು. ತಾಯಿಗೆ ಬೇಕಾಗಿದ್ದುದು ತೊಟ್ಟಿಲಿನ ಕೌದಿಯಲ್ಲ, ಬಾಣಂತಿಯೂ ಕೂಸೂ ಒಟ್ಟಿಗೆ ಮಲಗುವ ಕೌದಿ. ಉಪಾಯ ಹೊಳೆದದ್ದು ಸೊಸೆಗೆ. ಆಕೆ ಮಾಂಬಲದಲ್ಲೇ ಹುಟ್ಟಿ ಬೆಳೆದ ಕನ್ನಡಿತಿ. ಬಾಗಿಲಲ್ಲಿ ಚುಕ್ಕಿಯಿಟ್ಟು ಕೋಲ ಹಾಕುವುದರಲ್ಲಿ ಅಕ್ಕಪಕ್ಕದ ತಮಿಳು ಗೃಹಿಣಿಯರಿಗೆ ಸಮ. ಆಕೆ ಒಂದು ಚೌಕವನ್ನು ತೆಗೆದುಕೊಂಡು ನೆಲದ ಮೇಲೆ ಮೂಲೆಯ ಮೇಲೆ ನಿಲ್ಲಿಸಿದಳು. “ಅತ್ತೆ, ನೆಟ್ಟಗೆ ಇಟ್ರೆ ಆರೇ ಅಂಗುಲ. ಹೀಗೆ ಓರೆಯಾಗಿ ನಿಲ್ಲಿಸಿ ಸುತ್ತ ನಾಲ್ಕು ಮೂಲೆ ತುಂಬಿದ್ರೆ ಎಷ್ಟಾಗತ್ತೆ ನೋಡಿ” ಎಂದಳು.

ಅಳೆದರೆ ಎಂಟೂವರೆ ಅಂಗುಲ. ಇದು ಮಾಯವೇನೂ ಅಲ್ಲ, ಶಾಲೆಯಲ್ಲಿ ಕಲಿತ ಕರ್ಣದ ಲೆಕ್ಕ. ಹೊಲಿಗೆಗೆ ಸುತ್ತಲೂ ಕಾಲಂಗುಲ ಬಿಟ್ಟರೆ ಹಳೆಯ ಚೌಕ ಆರಂಗುಲವಾಗಿ ನಿಲ್ಲುತ್ತದೆ. ಅದರ ಕರ್ಣ ಎಂಟೂವರೆಗೆ ಕೂದಲೆಳೆಯಷ್ಟು ಕಡಿಮೆ. ಅಡ್ಡ ಏಳು, ಉದ್ದ ಒಂಬತ್ತು ಇಟ್ಟರೆ 63 ಚೌಕಗಳು. ಐದು ಅಡಿಗೆ ಅರ್ಧ ಅಂಗುಲ ಕಡಿಮೆಯ ಅಗಲ, ಆರು ಅಡಿ ನಾಲ್ಕೂವರೆ ಅಂಗುಲ ಉದ್ದ. ಚದುರಂಗದ ಮಣೆಯಂತೆ ಒಂದು ಬಿಟ್ಟು ಒಂದರಲ್ಲಿ ಹಳೆಯ 31 ಚೌಕಗಳು, ಮಿಕ್ಕ 32ರಲ್ಲಿ ಹೊಸವು. ಲೆಕ್ಕ ಒಂದೂ ಹೆಚ್ಚು ಕಡಿಮೆಯಿಲ್ಲದೆ ಕೂಡಿಬಂದುದನ್ನು ಕಂಡು ತಾಯಿ ಅದನ್ನು ದೇವರ ಇಚ್ಛೆ ಎಂದರು. ಸೊಸೆ ಏನೂ ಹೇಳಲಿಲ್ಲ.

ಹೊಸ ಚೌಕಗಳಿಗೆ ಆರಿಸಿದ್ದು ಮಕ್ಕಳ ಕಾಗದದ ಗಿರಗಿಟ್ಲೆಯ ಆಕಾರ. ಒಂದು ಬಿಳಿಯ ಮುಮ್ಮೂಲೆಯನ್ನೂ ಒಂದು ಬಣ್ಣದ ಮುಮ್ಮೂಲೆಯನ್ನೂ ಉದ್ದಬದಿಗೆ ಜೋಡಿಸಿದರೆ ಪುಟ್ಟ ಚೌಕವಾಗುತ್ತದೆ. ಅಂತಹ ನಾಲ್ಕನ್ನು, ಒಂದಕ್ಕಿಂತ ಒಂದನ್ನು ಕಾಲು ಸುತ್ತು ತಿರುಗಿಸುತ್ತ, ಕೂಡಿಸಿದರೆ ಬಣ್ಣಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುವಂತೆ ಕಾಣುತ್ತವೆ. ಪ್ರತಿಯೊಂದು ಪುಟ್ಟ ಚೌಕವನ್ನೂ ಇದ್ದಲ್ಲಿಯೇ ಅರ್ಧ ಸುತ್ತು ತಿರುಗಿಸಿಟ್ಟರೆ ಗಿರಗಿಟ್ಲೆ ಎದುರು ದಿಕ್ಕಿಗೆ ತಿರುಗುತ್ತದೆ. ಒಂದು ಸಾಲು ಬಲಕ್ಕೆ, ಮುಂದಿನ ಸಾಲು ಎಡಕ್ಕೆ. ಆಕಾರವೇನೋ ಲೋಕದಲ್ಲಿ ಹಳೆಯದೇ. ಆದರೆ ಓರೆ ನಿಂತ ಇಳಕಲ್ ಚೌಕಗಳ ನಡುವೆ ಅವು ತಿರುಗುವುದನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಅನುಕೂಲವೊಂದಿದೆ, ಹೊಲಿಯಬೇಕೆಂಬ ವಾಚಕಿಯರು ಗಮನಿಸಬೇಕು. ಹಳೆಯ ಚೌಕದ ಸುತ್ತಲಿನ ಮೂಲೆಗಳಿಗೂ ಗಿರಗಿಟ್ಲೆಯ ರೆಕ್ಕೆಗಳಿಗೂ ಒಂದೇ ಅಳತೆ ಸಾಕು. ಸಿಹಿತಿಂಡಿಯ ಡಬ್ಬದ ರಟ್ಟಿನಲ್ಲಿ ಐದು ಅಂಗುಲ ಒಂದು ನೂಲಿನ ಚೌಕವನ್ನು ಕತ್ತರಿಸಿಟ್ಟುಕೊಂಡರು (ಅಂಗುಲದ ಎಂಟನೆಯ ಒಂದು ಪಾಲಿಗೆ ಬಡಗಿಗಳು ನೂಲೆನ್ನುತ್ತಾರೆ). ಆ ಅಳತೆಯ ಬಟ್ಟೆಯ ಚೌಕವನ್ನು ಕರ್ಣಕ್ಕೆ ಒಂದೇ ಸಲ ಕತ್ತರಿಸಿದರೆ ಎರಡು ಮುಮ್ಮೂಲೆಗಳು. ಹಳೆಯ ಚೌಕಕ್ಕೆ ನಾಲ್ಕು, ಹೊಸದಕ್ಕೆ ಎಂಟು. ಒಟ್ಟು 380 ಮುಮ್ಮೂಲೆಗಳು, ಎಂದರೆ 190 ಬಟ್ಟೆಯ ಚೌಕಗಳು. ಓರೆ ಕತ್ತರಿಸಿದ ಬದಿ ಜಗ್ಗುತ್ತದೆ ಎಂಬುದು ದರ್ಜಿಗಳಿಗೆ ಗೊತ್ತು. ಇಲ್ಲಿ ಆ ಜಗ್ಗುವ ಬದಿ ಒಳಗೆ ಹೊಲಿಗೆಯಲ್ಲಿ ಸೇರಿ ಬಂಧಿತವಾಗುತ್ತದೆ. ಹೊರಬದಿಗಳೆಲ್ಲ ನೂಲಿನ ನೇರಕ್ಕೆ ಇರುವುದರಿಂದ 63 ಚೌಕಗಳೂ ಸೊಟ್ಟಗಾಗದೆ ಕೂಡಿಕೊಳ್ಳುತ್ತವೆ. ಹಳೆಯ ಇಳಕಲ್ ತುಂಡುಗಳು ಬಹಳ ಸವೆದಿದ್ದುದರಿಂದ ಪ್ರತಿಯೊಂದರ ಬೆನ್ನಿಗೂ ತೆಳುವಾದ ಮಲ್ ಬಟ್ಟೆಯನ್ನು ಕೊಟ್ಟರು.

ಇಷ್ಟು ಮುಮ್ಮೂಲೆಗಳಿಗೆ ಬಟ್ಟೆ ಎಲ್ಲಿಂದ? ಇಲ್ಲಿಯೇ ನಮ್ಮ ಹೋಟೆಲು ಬಂಧುಗಳು ಕತೆಯೊಳಕ್ಕೆ ಬಂದರು. ಮನೆಯ ಹತ್ತಿರದ ಒಂದು ಕನ್ನಡಿಗರ ಹೋಟೆಲಿನಲ್ಲಿ ಸಪ್ಲೈಯರಾಗಿರುವ ಯಲ್ಲಾಪುರದ ಕಡೆಯ ಯುವಕನೊಬ್ಬ ಈ ಮನೆಗೆ ಬಂದು ಹೋಗುತ್ತಾನೆ. ಊರಿನಲ್ಲಿ ದರ್ಜಿಯ ಕೆಲಸ ಕಲಿತವನು; ಸಿದ್ಧ ಉಡುಪುಗಳು ಹಳ್ಳಿಯ ಸಂತೆಯವರೆಗೂ ಬಂದ ಮೇಲೆ ಆ ಕಸುಬು ಅನ್ನ ಕೊಡದೆ ಚೆನ್ನೈಗೆ ಬಂದವನು. ಮಧ್ಯಾಹ್ನ ಮೂರರಿಂದ ನಾಲ್ಕೂವರೆಯ ಬಿಡುವಿನಲ್ಲಿ ಮಲಗುವುದನ್ನು ಬಿಟ್ಟು ಸೂಜಿ ಹಿಡಿದು ಕುಳಿತ. ಅಡಿಗೆಯವರ ಹಳೆಯ ಬಿಳಿಪಂಚೆಗಳನ್ನು ತಂದವನೂ ಅವನೇ. ಬಣ್ಣಕ್ಕೆ ಜೊತೆಗಾರರ ಹಳೆಯ ಹತ್ತಿಯ ಅಂಗಿಗಳು, ತಿಯಾಗರಾಯ ನಗರದ ದರ್ಜಿಗಳು ಕೊಟ್ಟ ರವಿಕೆಯ ಚಿಂದಿಗಳು. ಹೋಟೆಲಿನ ಸಮವಸ್ತ್ರಗಳನ್ನು ಮಾತ್ರ ತಾಯಿ ಹಿಂದಕ್ಕೆ ಕಳಿಸಿದರು. ಅವು ಟೆರಿಕಾಟ್, ಬೆವರು ಹೀರುವುದಿಲ್ಲ, ಅಂಚು ಬಿಡುತ್ತದೆ, ಇಸ್ತ್ರಿಪೆಟ್ಟಿಗೆಯ ಕಾವಿಗೆ ಮುದುಡುತ್ತದೆ. ಅನುಮಾನವಿದ್ದಲ್ಲಿ ಒಂದೆಳೆ ನೂಲನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದರು: ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಬೆರಕೆಯಾದರೆ ಕರಗಿ ತುದಿಯಲ್ಲಿ ಮಣಿಯಂತೆ ಗಟ್ಟಿಯಾಗುತ್ತದೆ.

ಹಿಂದೆ ಮೈದಾಹಿಟ್ಟು ಬಟ್ಟೆಯ ಚೀಲದಲ್ಲಿ ಬರುತ್ತಿತ್ತು. ಹೋಟೆಲಿನವರ ಮನೆಗಳಲ್ಲಿ ಅದರಿಂದ ದಿಂಬಿನ ಚೀಲ, ಒಳ ಅಂಗಿ, ಇನ್ನೇನೇನೋ ಆಗುತ್ತಿದ್ದವು. ಈಗ ಬರುವುದು ಪ್ಲಾಸ್ಟಿಕ್ ನೇಯ್ಗೆಯ ಚೀಲ. 1930ರ ದಶಕದ ಬಡತನದಲ್ಲಿ ಅಮೇರಿಕಾದ ರೈತ ಹೆಂಗಸರು ಹಿಟ್ಟಿನ ಚೀಲಗಳಿಂದ ಲಂಗ, ಕೌದಿಗಳನ್ನು ಹೊಲಿಯುತ್ತಿದ್ದುದನ್ನು ಕಂಡು ಅಲ್ಲಿನ ಗಿರಣಿಯವರು ಚೀಲದ ಮೇಲೆ ಹೂವಿನ ಚಿತ್ತಾರವನ್ನೇ ಅಚ್ಚು ಹಾಕಿಸಿದರಂತೆ. ವ್ಯಾಪಾರದ ಜಾಣತನವೆಂದರೆ ಅದು.

ಎಲ್ಲರಿಗೂ ಈ ಕೆಲಸ ಮೆಚ್ಚಿಕೆಯಾಯಿತೆಂದು ತಿಳಿಯಬಾರದು. ಧಾರವಾಡದ ಕಡೆಯವರೇ ಆದ, ನಿವೃತ್ತ ಗುಮಾಸ್ತರಾದ ಹಿರಿಯರೊಬ್ಬರು ನಮ್ಮೆದುರಿಗೇ ಆಕ್ಷೇಪವೆತ್ತಿದರು. ಚೌಕ ನೆಟ್ಟಗಿರಬೇಕು, ಅದು ಸಂಪ್ರದಾಯ. ಮನೆಯವರ ಬಟ್ಟೆಯೇ ಆಗಬೇಕು. ಹೆತ್ತವ್ವನ ಸೀರೆಯ ಪಕ್ಕಕ್ಕೆ ಹೋಟೆಲಿನವರ ಪಂಚೆಯೇ? “ಇದು ಕೌದಿ ಅಲ್ರೀ, ರಂಗೋಲಿ” ಎಂದು ತೀರ್ಪಿತ್ತರು. ತಾಯಿ ಸೂಜಿಯಿಂದ ಕಣ್ಣೆತ್ತದೆ, “ನಮ್ಮ ಯಜಮಾನರು ಹೋದ ವರ್ಷ ಆ ಹೋಟೆಲಿನವರs ಹದಿಮೂರು ದಿನ ಅಡಗಿ ಕಳಿಸ್ಯಾರ. ನೀವು ಕಳಿಸಿದ್ರೇನು?” ಎಂದರು. ಮಾತು ಅಲ್ಲಿಗೇ ನಿಂತಿತು. ಹಿರಿಯರ ಆಕ್ಷೇಪದ ಮೊದಲ ಭಾಗಕ್ಕೆ ಮಾತ್ರ ಉತ್ತರವಾಗಲಿಲ್ಲವಾದ್ದರಿಂದ ಅದನ್ನು ನಾವು ಇಲ್ಲಿ ಎತ್ತಿಕೊಳ್ಳುತ್ತೇವೆ.

ಸಂಪ್ರದಾಯ ಎಲ್ಲಿರುತ್ತದೆ? ಚೌಕ ನಿಲ್ಲುವ ಭಂಗಿಯಲ್ಲಿಯೇ? ಆ ಸಪ್ಲೈಯರ್ ಯುವಕನ ಯಲ್ಲಾಪುರದ ಕಡೆಗೇ ಹೋಗಿ ನೋಡೋಣ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಕಾಡಂಚಿನಲ್ಲಿ ಸಿದ್ದಿ ಜನಾಂಗದವರಿದ್ದಾರೆ. ಅವರ ಪೂರ್ವಿಕರು ಆಫ್ರಿಕಾದಿಂದ ಬಂದವರು. ಪೋರ್ತುಗೀಜರ ಗೋವೆಯಲ್ಲಿ ಗುಲಾಮರಾಗಿದ್ದು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಅವರಲ್ಲಿ ಬಹಳ ಮಂದಿ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಸಿದ್ದಿ ಹೆಂಗಸರ ಕೌದಿ, ಅವರ ಮಾತಿನಲ್ಲಿ ಕವಂದಿ, ಚೌಕದ ಲೆಕ್ಕವನ್ನೇ ಹಿಡಿಯುವುದಿಲ್ಲ. ಹಳೆಯ ಸೀರೆಯನ್ನು ಹಾಸಿ, ಒಂದು ಮೂಲೆಯಿಂದ ಆರಂಭಿಸಿ, ಕೈಗೆ ಬಂದ ತುಂಡಿನ ಅಂಚನ್ನು ಒಳಮಡಿಚಿ ಇಟ್ಟು, ಇಡುತ್ತಲೇ ಹೊಲಿಯುತ್ತ, ಸುತ್ತುಸುತ್ತಾಗಿ ಒಳಕ್ಕೆ ಬರುತ್ತಾರೆ. ನಡುವಿಗೆ ಬಂದಾಗ ಕೆಲಸ ಮುಗಿಯುತ್ತದೆ. ಚೌಕಟ್ಟಿಲ್ಲ, ಅಳತೆಪಟ್ಟಿಯಿಲ್ಲ. ಕ್ರೈಸ್ತ ಸಿದ್ದಿಯರ ಕೌದಿಯಲ್ಲಿ ಶಿಲುಬೆಯೂ ಮುಸಲ್ಮಾನ ಸಿದ್ದಿಯರದರಲ್ಲಿ ಅರ್ಧಚಂದ್ರವೂ ಕಾಣಿಸುವುದುಂಟು. ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ಪದರವಾಗಿ ಮಡಿಸಿದ ಮುಮ್ಮೂಲೆ ಹೂವುಗಳು, ಅವರ ಮಾತಿನಲ್ಲಿ ಫುಲಾ. ಫುಲಾ ಇಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಅಮೇರಿಕಾದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಜ್ಞ ಹೆನ್ರಿ ಡ್ರೂವಲ್ ಅವರ ನೆರವಿನಿಂದ 2004ರಲ್ಲಿ ಈ ಹೆಂಗಸರ ಸಹಕಾರ ಸಂಘವೊಂದು ಏರ್ಪಟ್ಟಿತು. 2011ರಲ್ಲಿ ಇವರ ಕೌದಿಗಳು ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶಿತವಾದವು.

ಆಫ್ರಿಕಾ ಮೂಲದವರೇ ಆದ ಇನ್ನೊಂದು ಊರಿನ ಹೆಂಗಸರು ಅಮೇರಿಕಾದ ಅಲಬಾಮಾ ಸಂಸ್ಥಾನದ ಗೀಸ್ ಬೆಂಡಿನವರು. ಹತ್ತಿ ಬೆಳೆಯುವ ಬಡ ಹಳ್ಳಿ. ಹೊಲದಲ್ಲಿ ದುಡಿದು ಮಾಸಿದ ಗಂಡಸರ ಷರಾಯಿಗಳಿಂದಲೇ ಕೌದಿ ಹೊಲಿಯುತ್ತಿದ್ದರು. 1970ರ ದಶಕದಲ್ಲಿ ಸಿಯರ್ಸ್ ಎಂಬ ದೊಡ್ಡ ಅಂಗಡಿಗೆ ಕಾರ್ಡುರಾಯ್ ದಿಂಬಿನ ಹೊದಿಕೆಗಳನ್ನು ಹೊಲಿದುಕೊಡುವ ಕೆಲಸ ಬಂದಿತು. ಮಿಕ್ಕ ಕಾರ್ಡುರಾಯ್ ಚೂರುಗಳು ಅವರ ಹಳೆಯ ನಮೂನೆಗಳೊಳಕ್ಕೆ ನುಗ್ಗಿ ಹೊಸ ಕಳೆ ಕೊಟ್ಟವು. ಅವೇ ಕೌದಿಗಳು 2002ರಲ್ಲಿ ಹ್ಯೂಸ್ಟನ್ನಿನ ಕಲಾಶಾಲೆಯಲ್ಲಿ ಗೋಡೆಯೇರಿದವು. 2006ರಲ್ಲಿ ಅವುಗಳಲ್ಲಿ ಹತ್ತು ಅಂಚೆಚೀಟಿಗಳಾದವು. ಷರಾಯಿಯ ಮಾಸಲು ಮೊಣಕಾಲು ಕಲಾಶಾಲೆಯ ಗೋಡೆಗೆ ಒಪ್ಪುವುದಾದರೆ ಅಡಿಗೆಯವರ ಪಂಚೆ ಇಳಕಲ್ ಸೀರೆಯ ಪಕ್ಕಕ್ಕೆ ಒಪ್ಪದೇ?

ನಮ್ಮ ಮತದಲ್ಲಿ ಕೌದಿಯ ಸಂಪ್ರದಾಯವಿರುವುದು ಮೂರು ಕಡೆ: ಬಟ್ಟೆ ಉಟ್ಟು ಸವೆದುದಾಗಿರಬೇಕು, ಪದರಗಳು ಹತ್ತಿಯವಾಗಿರಬೇಕು, ಹೊಲಿಗೆ ಕೆಳಗಿನ ಪದರದವರೆಗೂ ಕೈಯಿಂದ ಹಾಯಬೇಕು. ಅಂಗಡಿಗಳಲ್ಲಿ ಕೌದಿಯೆಂದು ಮಾರುವ ಕೆಲವಕ್ಕೆ ಚೌಕಗಳು ಅಚ್ಚಿನಲ್ಲಿ ಮೂಡಿದವು. ಒಳಗಿರುವುದು ಪಾಲಿಯೆಸ್ಟರ್ ಹಂಜಿ. ಅವುಗಳಲ್ಲಿ ಚೌಕವೇನೋ ಬಹಳ ನೆಟ್ಟಗಿರುತ್ತದೆ.

ಮಾಂಬಲದ ಕೌದಿಯಲ್ಲಿ ಅಡಿಗೆ ಒಂದು ಹಳೆಯ ಸೀರೆಯನ್ನು ಎರಡು ಭಾಗ ಮಾಡಿ ಜೋಡಿಸಿದರು, ಅದರ ಮೇಲೆ ಎರಡು ಪದರ ಪಂಚೆ, ಎಲ್ಲಕ್ಕೂ ಮೇಲೆ 63 ಚೌಕಗಳ ಹಾಸು. ನೆಲದ ಮೇಲೆ ಹಾಸಿ ಸುಕ್ಕು ತೆಗೆದು, ಕೈಯಗಲಕ್ಕೊಂದರಂತೆ ಉದ್ದ ಕಚ್ಚಾ ಹೊಲಿಗೆ ಹಾಕಿಕೊಂಡ ಮೇಲೆಯೇ ನಿಜವಾದ ಹೊಲಿಗೆ ಮೊದಲಾಯಿತು. ಸಾಲಿನಿಂದ ಸಾಲಿಗೆ ಅರ್ಧ ಅಂಗುಲ. ಈ ಲೆಕ್ಕದಲ್ಲಿ ಹೊಲಿಗೆಯ ಸಾಲುಗಳನ್ನೆಲ್ಲ ಒಂದಕ್ಕೊಂದು ಸೇರಿಸಿದರೆ 250 ಗಜ ಮೀರುತ್ತದೆ. ಪಳಗಿದ ಕೈ ಗಂಟೆಗೆ ಮೂರು ಗಜ ಹೊಲಿದೀತು. ಎಂದರೆ ತುಂಡು ಕತ್ತರಿಸಿ ಜೋಡಿಸಿದ ವೇಳೆಯನ್ನು ಬಿಟ್ಟು, ಬರಿಯ ಹೊಲಿಗೆಗೇ 84 ಗಂಟೆ.

ಈ ಲೆಕ್ಕವನ್ನು ನಾವು ಸುಮ್ಮನೆ ಹಾಕಲಿಲ್ಲ. ಕೆಲಸ ಮುಕ್ಕಾಲು ಆಗಿದ್ದಾಗ ಜವಳಿ ವ್ಯಾಪಾರಸ್ಥರೊಬ್ಬರು ನೋಡಿ ಮೆಚ್ಚಿ, ಇಂತಹುದಕ್ಕೆ 1500 ರೂಪಾಯಿಯಂತೆ ಕೊಡುತ್ತೇನೆ, ತಿಂಗಳಿಗೆ ನಾಲ್ಕು ಆಗಬಹುದೇ ಎಂದು ಕೇಳಿದರು. ಸೊಸೆಗೆ ಆಸೆ ಹುಟ್ಟಿದ್ದು ಸಹಜ. ಆಕೆಯ ಜೊತೆಗೆ ಸೂಜಿ ಹಿಡಿದಿದ್ದ ನೆರೆಮನೆಯ ತಮಿಳು ಗೃಹಿಣಿಗೂ ಹಣದ ಅವಶ್ಯಕತೆಯಿತ್ತು. ಹೋಟೆಲು ನಡೆಸಿದವರಿಗೆ ಕೂಲಿಯ ಲೆಕ್ಕ ಬೇಗ ಬರುತ್ತದೆ. 1500ನ್ನು 84ರಿಂದ ಭಾಗಿಸಿ ತೋರಿಸಿದೆವು: ಗಂಟೆಗೆ 18 ರೂಪಾಯಿಯೂ ಇಲ್ಲ, ಒಂದು ಲೋಟ ಕಾಫಿಯ ಹಣ. ಜೋಡಣೆಯ ವೇಳೆ ಸೇರಿಸಿದರೆ ಇನ್ನೂ ಕಡಿಮೆ. ಇಬ್ಬರೂ ಒಲ್ಲೆವೆಂದರು. ಪ್ರತಿಯಾಗಿ, ಹಳೆಯ ಬಟ್ಟೆಯನ್ನು ಗಿರಾಕಿಯೇ ತಂದುಕೊಟ್ಟರೆ ಗಂಟೆಯ ಲೆಕ್ಕದಲ್ಲಿ ಕೂಲಿ ಪಡೆದು ಹೊಲಿದುಕೊಡುವುದೆಂದು ಮಾಡಿಕೊಂಡಿದ್ದಾರೆ. ಈವರೆಗೆ ಎರಡು ಕೆಲಸ ಬಂದಿವೆ. ಎರಡೂ ತೀರಿಕೊಂಡವರ ಸೀರೆಗಳು.

ಕೊನೆಗೆ ಅಂಚು ಕಟ್ಟುವಾಗ ಯಲ್ಲಾಪುರದ ಯುವಕ ಒಂದು ಆಸೆ ಮುಂದಿಟ್ಟ. ತನ್ನೂರಿನ ಸಿದ್ದಿ ಹೆಂಗಸರಂತೆ ನಾಲ್ಕು ಮೂಲೆಗಳಿಗೂ ಫುಲಾ ಇಡುವುದು. ತಾಯಿ ಅದುವರೆಗೆ ಅದನ್ನು ಕಂಡವರಲ್ಲ. ಅವನು ಖಣದ ಚೂರೊಂದನ್ನು ಮಡಿಸಿ ತೋರಿಸಿದ. ಅವರು ಎರಡು ಸಲ ಬಿಚ್ಚಿ, ಮೂರನೆಯ ಸಲ ತಾವೇ ಮಡಿಸಿ, “ಇದ ಇರಲಿ” ಎಂದರು.

ಮೊಮ್ಮಗಳಿಗೆ ಹೆಣ್ಣು ಕೂಸು. ಕಳೆದ ತಿಂಗಳು ಕೌದಿಯನ್ನು ಮೊದಲ ಬಾರಿಗೆ ನೀರಿಗೆ ಹಾಕಿದರು. ಗಿರಗಿಟ್ಲೆಗಳಲ್ಲಿ ಒಂದರ ಕೆಂಪು ತುಸು ಬಿಟ್ಟು ಪಕ್ಕದ ಪಂಚೆ ತೆಳುಗುಲಾಬಿಯಾಯಿತು. ಇಳಕಲ್ ಚೌಕಗಳು ಬಣ್ಣ ಬಿಡಲಿಲ್ಲ.